ಗಣಪ ಹಾಲು ಕುಡಿದ ದಿನ ಮತ್ತು ಅಜ್ಜಿಯ ಭಕ್ತಿ

ಓದುಗರೊಬ್ಬರ ಪತ್ರ: 1995ರಲ್ಲಿ ಗಣಪತಿ ಹಾಲು ಕುಡಿದದ್ದನ್ನು ನಮ್ಮಜ್ಜಿ ಕಣ್ಣಾರೆ ಕಂಡರಂತೆ. ಎಷ್ಟು ಬಿಡಿಸಿ ಹೇಳಿದರೂ ಒಪ್ಪುವುದಿಲ್ಲ. ದೇವರನ್ನು ನಂಬುವುದೇ ತರ್ಕಕ್ಕೆ ವಿರುದ್ಧವೇ? ನಿಜವಾದ ಭಕ್ತ ಯಾರು?

ಸಂಪಾದಕರ ಉತ್ತರ: ನಿಮ್ಮಜ್ಜಿ ಸುಳ್ಳು ಹೇಳುತ್ತಿಲ್ಲ. ಆ ವರ್ಷ ಸೆಪ್ಟೆಂಬರ್ 21ರ ಗುರುವಾರ ದೆಹಲಿಯಿಂದ ಲಂಡನ್ನಿನವರೆಗೆ ಸಾವಿರಾರು ಜನ ಚಮಚದ ಹಾಲು ಖಾಲಿಯಾಗುವುದನ್ನು ಕಂಡರು. ಕಂಡದ್ದು ನಿಜ, ಕಟ್ಟಿಕೊಂಡ ಕಾರಣ ತಪ್ಪು.

ಮನೆಯಲ್ಲೇ ಮಾಡಿ ನೋಡಿ. ಕಲ್ಲಿನ ಇಲ್ಲವೇ ಲೋಹದ ಮೂರ್ತಿಯನ್ನು ತಟ್ಟೆಯಲ್ಲಿಟ್ಟು ಸೊಂಡಿಲು, ಹೊಟ್ಟೆ ಒದ್ದೆ ಮಾಡಿ. ಹಾಲಿಗೆ ಚಿಟಿಕೆ ಕುಂಕುಮ ಕದಡಿ. ಚಮಚದ ಅಂಚಿನ ಮೇಲೆ ಹಾಲು ಉಬ್ಬಿ ನಿಲ್ಲುವಷ್ಟು ತುಂಬಿ, ಆ ಉಬ್ಬು ಸೊಂಡಿಲಿಗೆ ತಾಗುವಂತೆ ಹಿಡಿದು ಒಂಚೂರು ವಾಲಿಸಿ. ತಾಗಿದೊಡನೆ ಮೇಲ್ಮೈ ಎಳೆತದಿಂದ ಹಾಲು ಮೂರ್ತಿಗೆ ಅಂಟಿ, ತೆಳು ಪೊರೆಯಾಗಿ ಕೆಳಗಿಳಿಯುತ್ತದೆ. ಅಮೃತಶಿಲೆಯ ಮೇಲೆ ಬಿಳಿ ಹಾಲು ಕಣ್ಣಿಗೆ ಬೀಳುವುದಿಲ್ಲ. ಕುಂಕುಮದ ಹಾಲಾದರೆ ಹೊಟ್ಟೆಯ ಮೇಲಿಂದ ತಟ್ಟೆಗಿಳಿಯುವ ಕೆಂಪು ಗೆರೆ ಎದ್ದು ಕಾಣುತ್ತದೆ. ಅಂದು ದೆಹಲಿಯಲ್ಲಿ ಸರ್ಕಾರದ ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಿಂದ ತೋರಿಸಿದ್ದೂ ಇದನ್ನೇ. ಚಮಚ ಅರ್ಧ ಮಾತ್ರ ತುಂಬಿ, ಹಾಲು ಮೂರ್ತಿಗೆ ತಾಗದಿದ್ದರೆ ಏನೂ ಆಗದು. ಇನ್ನು ಮೊದಲಿನಂತೆ ಉಬ್ಬುವಷ್ಟು ತುಂಬಿದ ಚಮಚವನ್ನು ಒದ್ದೆ ಮಾಡಿದ ಸ್ಟೀಲ್ ಚೊಂಬಿನ ಮೈಗೆ ಹಿಡಿಯಿರಿ. ಚೊಂಬೂ ಕುಡಿಯುತ್ತದೆ!

ಈ ಬಗೆಯ ತಪ್ಪಿಗೆ ನಮ್ಮ ನ್ಯಾಯಶಾಸ್ತ್ರದವರು, ಅಂದರೆ ಹಿಂದಿನ ತರ್ಕಶಾಸ್ತ್ರಿಗಳು, ಎಂದೋ ಹೆಸರಿಟ್ಟಿದ್ದಾರೆ: ಸವ್ಯಭಿಚಾರ. ಅಂದರೆ, ಕೊಟ್ಟ ಕಾರಣ ತೀರ್ಮಾನ ಸುಳ್ಳಾಗುವ ಕಡೆಯೂ ಕಾಣಿಸಿಕೊಳ್ಳುವುದು. ಹೊಗೆ ಕಂಡು ಬೆಂಕಿಯಿದೆ ಎನ್ನಬಹುದು, ಏಕೆಂದರೆ ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ. ‘ಹಾಲು ಖಾಲಿಯಾಯಿತು, ಆದ್ದರಿಂದ ದೇವರು ಕುಡಿದ’ ಎಂಬಲ್ಲಿ ಹಾಗಲ್ಲ. ಹಾಲು ಚೊಂಬಿನ ಮುಂದೆಯೂ ಖಾಲಿಯಾಗುತ್ತದೆ. ಈ ಒರೆಗಲ್ಲು ಇಟ್ಟುಕೊಂಡವರು ನಾಸ್ತಿಕರಲ್ಲ. ಅದೇ ಪರಂಪರೆಯ ಉದಯನಾಚಾರ್ಯರು, ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃವಿರಬೇಕು ಎಂದು ಈಶ್ವರನನ್ನು ಸಾಧಿಸಲು ಹೊರಟವರು. ಅವರಿಗಿಂತ ಮೊದಲೇ ಮೀಮಾಂಸಕರಾದ, ಅಂದರೆ ವೇದವಿಧಿಗಳ ಅರ್ಥ ವಿಚಾರಿಸುವ ಪಂಥದ, ಕುಮಾರಿಲ ಭಟ್ಟರು ತಕರಾರೆತ್ತಿದ್ದರು: ಶರೀರವೇ ಇಲ್ಲದವನಿಗೆ ಸೃಷ್ಟಿಸುವ ಇಚ್ಛೆ ಹುಟ್ಟಿದ್ದು ಹೇಗೆ? ದುಃಖ ತುಂಬಿದ ಲೋಕವನ್ನೇ ಏಕೆ ಮಾಡಿದ? ಸೃಷ್ಟಿಕರ್ತನನ್ನು ಒಪ್ಪದ ಈ ಭಟ್ಟರು ವೇದ, ಯಜ್ಞಗಳ ವಿಷಯದಲ್ಲಿ ಕಡುನಿಷ್ಠರು ಎಂಬುದನ್ನು ಗಮನಿಸಿ.

ದೇವರು ತರ್ಕದಿಂದ ಸಿದ್ಧನಾದ ಎಂದು ನಾನು ಹೇಳಲಾರೆ. ಆದರೆ ಎದುರುಪ್ರಶ್ನೆಗೆ ಕಿವಿಗೊಡುವ ನಂಬಿಕೆಯನ್ನು ಅವಿವೇಕ ಎಂದು ತಳ್ಳಿಹಾಕಲೂ ಆರೆ. ‘ಹಾಲು ಖಾಲಿಯಾದರೆ ಪವಾಡ, ಆಗದಿದ್ದರೆ ನಿನ್ನ ಭಕ್ತಿ ಸಾಲದು’ ಎನ್ನುವ ಮಾತು ಬೇರೆ. ಏನೇ ಆದರೂ ಸೋಲದಂತೆ ಬೇಲಿ ಹಾಕಿಕೊಂಡ ಆ ಮಾತಿನಲ್ಲಿ ತರ್ಕವೂ ಇಲ್ಲ, ಭಕ್ತಿಯೂ ಇಲ್ಲ.

ಬಸವಣ್ಣನವರು ‘ಉಣ್ಣದ ಲಿಂಗ’ ಎಂದು ನೇರವಾಗಿ ಹೇಳಿದರು. ಕಲ್ಲ ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುವವರನ್ನು, ಹಸಿದು ಬಂದ ಜಂಗಮನನ್ನು ಅಟ್ಟುವವರನ್ನು ಬೈದರು. ಅವರ ಲಿಂಗನಿಷ್ಠೆ ಅದರಿಂದ ಕೂದಲೆಳೆಯಷ್ಟೂ ಕದಲಲಿಲ್ಲ. ಶ್ರವಣಬೆಳಗೊಳದಲ್ಲಿ ಸುಮಾರು 12 ವರ್ಷಕ್ಕೊಮ್ಮೆ ಬಾಹುಬಲಿಗೆ ಕೊಡಕೊಡ ಹಾಲೆರೆಯುತ್ತಾರೆ. ಬಾಹುಬಲಿ ಅದನ್ನು ಸ್ವೀಕರಿಸುತ್ತಾನೆ, ವರ ಕೊಡುತ್ತಾನೆ ಎಂದು ಜೈನ ಶಾಸ್ತ್ರ ಹೇಳುವುದಿಲ್ಲ. ಮುಕ್ತನಾದವನಿಗೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ಎರೆದವರ ಭಾವ ತಿಳಿಯಾಗಬೇಕು, ಅಷ್ಟೆ. ಕಲ್ಲು ಕುಡಿಯದು ಎಂದು ಬಲ್ಲವನೂ ಹಾಲೆರೆಯಬಲ್ಲ. ನನ್ನ ಕಣ್ಣಿಗೆ ನಿಜವಾದ ಭಕ್ತ ಅವನೇ.

ಆದ್ದರಿಂದ ಅಜ್ಜಿಯ ಕೈಯಿಂದ ಚಮಚ ಕಸಿಯಬೇಡಿ. ಕುಂಕುಮದ ಹಾಲನ್ನು ಅವರ ಕೈಯಲ್ಲೇ ಹಿಡಿಸಿ, ಆಮೇಲೆ ಪಕ್ಕದಲ್ಲಿ ಕೂತು ಕೇಳಿ: ‘ಅಜ್ಜಿ, ಅವತ್ತು ಗಣಪ ಹಾಲು ಕುಡಿಯದೇ ಇದ್ದಿದ್ದರೆ ಮರುದಿನ ದೀಪ ಹಚ್ಚುತ್ತಿರಲಿಲ್ಲವಾ?’