ಟ್ರಿಕ್ ಬೇಡ, ದೂರ ಲೆಕ್ಕ ಹಾಕಿ

ಚಲನ ಶಕ್ತಿಯ ಸೂತ್ರದಲ್ಲಿ ವೇಗಕ್ಕೆ ಯಾಕೆ ವರ್ಗ ಅನ್ನೋದು ತಲೆಗೆ ಹೋಗ್ತಿಲ್ಲ, ನೆನಪಿಡೋ ಟ್ರಿಕ್ ಆದ್ರೂ ಹೇಳಿ ಅಂದಿದ್ದೀರಿ. ಟ್ರಿಕ್ ಹೇಳುವುದಿಲ್ಲ. ನನ್ನ ಹತ್ತಿರ ಸೂತ್ರವೊಂದೇ ಇತ್ತು, ಅದರಿಂದಲೇ ಪೆಟ್ಟು ತಿಂದೆ.

ಹಳ್ಳಿಯ ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸ್‌ಗೆ ಬಂದಿದ್ದೆ. 'ಹಾಫ್ ಎಂ ವಿ ಸ್ಕ್ವೇರ್', ಅಂದ್ರೆ ರಾಶಿ ಗುಣಿಸು ವೇಗದ ವರ್ಗ, ಅದರ ಅರ್ಧ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂತು. ಸೆಕೆಂಡಿಗೆ 10 ಮೀಟರ್ ವೇಗದ ಕಾರು ಬ್ರೇಕ್ ಹಾಕಿದರೆ 25 ಮೀಟರಿಗೆ ನಿಲ್ಲುತ್ತದೆ. ಅದೇ ಬ್ರೇಕ್, ವೇಗ 20 ಆದರೆ? ನಾನು 50 ಅಂತ ಬರೆದೆ. ಸರಿ ಉತ್ತರ 100. ಅಂಕ ಪೂರ್ತಿ ಹೋಯಿತು.

ತಪ್ಪಿದ್ದು ಎಲ್ಲಿ ಅಂದ್ರೆ, ನಾನು ಮನಸ್ಸಿನಲ್ಲಿ ಸಮಯ ಎಣಿಸುತ್ತಿದ್ದೆ. 1000 ಕೆಜಿ ಕಾರನ್ನು 2000 ನ್ಯೂಟನ್ ಬಲದಿಂದ ತಳ್ಳಿ ಅಂದುಕೊಳ್ಳಿ. ಸೊನ್ನೆಯಿಂದ 10ಕ್ಕೆ ಬರಲು 5 ಸೆಕೆಂಡು. 10ರಿಂದ 20ಕ್ಕೂ 5 ಸೆಕೆಂಡೇ. ಹಾಗಾದ್ರೆ ಶಕ್ತಿಯೂ ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಬಲವನ್ನು ಸಮಯದಿಂದ ಗುಣಿಸಿದರೆ ಸಿಗೋದು ಸಂವೇಗದ (ರಾಶಿ ಗುಣಿಸು ವೇಗ) ಬದಲಾವಣೆ. ಶಕ್ತಿ ಬೇಕಿದ್ದರೆ ಬಲವನ್ನು ದೂರದಿಂದ ಗುಣಿಸಬೇಕು. ಮೊದಲ 5 ಸೆಕೆಂಡಿನಲ್ಲಿ ಕಾರು ಹೋಗಿದ್ದು 25 ಮೀಟರ್. ಎರಡನೇ 5 ಸೆಕೆಂಡಿನಲ್ಲಿ 75 ಮೀಟರ್, ಯಾಕೆಂದರೆ ಆಗಲೇ ಜೋರಾಗಿ ಓಡುತ್ತಿದೆ. ಅಷ್ಟೂ ದೂರ ನೀವು ಅದರ ಹಿಂದೆ ಓಡುತ್ತಾ ತಳ್ಳಬೇಕು! ಮೊದಲು 50,000 ಜೂಲ್, ಆಮೇಲೆ 1,50,000. ಒಟ್ಟು 2,00,000. ವೇಗ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. ಅದೇ ಬ್ರೇಕ್ ಅಷ್ಟು ಶಕ್ತಿ ಕಳೆಯಬೇಕಾದರೆ ದೂರವೂ ನಾಲ್ಕು ಪಟ್ಟು ಬೇಕು, ಅದಕ್ಕೇ 100 ಮೀಟರ್. ವರ್ಗ ಬಂದಿದ್ದು ಇಲ್ಲಿಂದ. ಆ 'ಅರ್ಧ'ವೂ ಇಲ್ಲಿಂದಲೇ: ಸೊನ್ನೆಯಿಂದ ಶುರು ಮಾಡಿದ ಕಾರಿನ ಸರಾಸರಿ ವೇಗ ಕೊನೆಯ ವೇಗದ ಅರ್ಧ.

ಇದನ್ನು ಯಾರಾದರೂ ಅವತ್ತೇ ಬೋರ್ಡಿನ ಮೇಲೆ ಬರೆದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಅರ್ಥ ಆಗದಿದ್ರೆ ನಿಮಗೆ ನಾಚಿಕೆ ಬೇಡ. ಚಲನೆಯ ಸರಿಯಾದ ಅಳತೆ ಸಂವೇಗವೋ ಶಕ್ತಿಯೋ ಅಂತ ಯುರೋಪಿನ ದೊಡ್ಡ ವಿದ್ವಾಂಸರೇ ವರ್ಷಗಟ್ಟಲೆ ಜಗಳವಾಡಿದ್ದಾರೆ. 1722ರ ಸುಮಾರಿಗೆ ಹಾಲೆಂಡಿನ ವಿಜ್ಞಾನಿ ಗ್ರಾವೆಸಾಂಡ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿಗೆ ಬೀಳಿಸಿ ಕುಳಿ ಅಳೆದು ನೋಡಿದ. ಕುಳಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯಿತು. ಫ್ರಾನ್ಸಿನ ವಿದ್ವಾಂಸೆ ಎಮಿಲಿ ದು ಶಾತೆಲೆ ಇದನ್ನು ಹಿಡಿದು ವರ್ಗದ ಪರ ವಾದಿಸಿದಳು.

ನೀವೂ ಮಾಡಿ. ಹದವಾಗಿ ಕಲಸಿದ ಮಣ್ಣಿಗೆ ಒಂದು ಗೋಲಿಯನ್ನು 25 ಸೆಂಟಿಮೀಟರಿನಿಂದ ಬಿಡಿ, ಆಮೇಲೆ 1 ಮೀಟರಿನಿಂದ. ಎರಡನೇ ಸಲ ಬೀಳುವ ವೇಗ ಬರೀ ಎರಡು ಪಟ್ಟು. ಕುಳಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಸೂತ್ರದ ಪುಟ ತೆಗೆಯಿರಿ.