ಹಳೇ ಪೆಟ್ಟಿನಿಂದ ಬಿಗಿದ ಪಾದ: ಈಗಲೂ ಸಡಿಲವಾಗುತ್ತದೆಯೇ?

ಪ್ರಶ್ನೆ: ಮೇಡಂ, ನನಗೆ 52 ವರ್ಷ. ಸಣ್ಣದೊಂದು ಕಾಫಿ ತೋಟವಿದೆ. 2014ರಲ್ಲಿ ಕಾಳುಮೆಣಸು ಕೊಯ್ಯುವಾಗ, ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ, ಬಲಗಾಲಿನ ಹರಡಿನ ಹತ್ತಿರ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದರು, ಮೂಳೆ ಕೂಡಿತು. ಆದರೆ ಅಂದಿನಿಂದ ಪಾದ ಪೂರ್ತಿ ಬಗ್ಗುವುದಿಲ್ಲ. ಕುಕ್ಕರಗಾಲಲ್ಲಿ ಕೂತರೆ ಹಿಂದಕ್ಕೆ ವಾಲುತ್ತೇನೆ, ತೋಟದ ಇಳಿಜಾರಿನಲ್ಲಿ ಅಡ್ಡಡ್ಡ ಹೆಜ್ಜೆ ಇಟ್ಟೇ ಇಳಿಯಬೇಕು. ಇಷ್ಟು ವರ್ಷದ ಮೇಲೆ ಸರಿಹೋದೀತೇ? ಊರಿನಲ್ಲೊಬ್ಬರು ಎಣ್ಣೆ ಹಚ್ಚಿ ಎಳೆದು ಬಿಡಿಸುತ್ತೇನೆ ಅನ್ನುತ್ತಾರೆ. ಬರುವ ಕೊಯ್ಲಿಗೆ ಏಣಿ ಹತ್ತಬಹುದೇ?
- ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ವರ್ಷ ಕಳೆಯಿತೆಂದು ಕೈಚೆಲ್ಲಬೇಡಿ. ನಿಮ್ಮಂಥವರು ಬಂದಾಗ ನಾನು ಮೊದಲು ನೋಡುವುದು, ಪಾದವನ್ನು ತಡೆಯುತ್ತಿರುವುದು ಯಾವುದು ಅಂತ. ಅದನ್ನು ಮನೆಯಲ್ಲೇ ಒಂದು ಮಟ್ಟಕ್ಕೆ ನೀವೂ ಕಂಡುಕೊಳ್ಳಬಹುದು.

ಬರಿಗಾಲಲ್ಲಿ ಗೋಡೆಗೆ ಎದುರಾಗಿ ನಿಲ್ಲಿ. ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಮುಂದೆ ತಂದು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಪಾದವನ್ನು ಸ್ವಲ್ಪ ಹಿಂದೆ ಸರಿಸಿ, ಮತ್ತೆ ಮುಟ್ಟಿಸಿ. ಇನ್ನು ಆಗದು ಅನ್ನುವಲ್ಲಿ ಹೆಬ್ಬೆರಳಿಗೂ ಗೋಡೆಗೂ ಎಷ್ಟು ಅಂತರವೆಂದು ಅಳೆಯಿರಿ. ಎಡಗಾಲಿನದ್ದೂ ಅಳೆಯಿರಿ; ನಿಮಗೆ ಆ ಕಾಲೇ ಅಳತೆಗೋಲು. ಇಲ್ಲಿ 1 ಸೆಂ.ಮೀ. ಹೆಚ್ಚಿದರೆ ಕೀಲಿನಲ್ಲಿ ಸುಮಾರು 3ರಿಂದ 4 ಡಿಗ್ರಿ ಹೆಚ್ಚಿದಂತೆ.

ಕೊನೆಗೆ ಸಿಕ್ಕಿಕೊಂಡಾಗ ಎಲ್ಲಿ ಗೊತ್ತಾಗುತ್ತದೆ? ಮೀನಖಂಡದಲ್ಲೋ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನಲ್ಲೋ (ಟೆಂಡನ್) ಎಳೆದಂತಾದರೆ ಒಳ್ಳೆಯದು. ಪ್ಲಾಸ್ಟರಿನಲ್ಲಿ ವಾರಗಟ್ಟಲೆ ಅಲ್ಲಾಡದೆ ಇದ್ದ ಸ್ನಾಯು ಮತ್ತು ಕೀಲಿನ ಸುತ್ತಲ ಪೊರೆ ಕುಗ್ಗಿವೆ. ಅವು ವರ್ಷಗಳ ನಂತರವೂ ನಿಧಾನಕ್ಕೆ ಹಿಗ್ಗುತ್ತವೆ. ಹಾಗಲ್ಲದೆ ಪಾದದ ಮುಂಭಾಗದಲ್ಲಿ ಚುಚ್ಚಿ, ಕಲ್ಲಿಗೆ ಕಲ್ಲು ತಾಗಿದಂತೆ ಗಕ್ಕನೆ ನಿಂತರೆ, ಮೂಳೆ ಬೆಳೆದಿರಬಹುದು ಅಥವಾ ಕೀಲು ಸವೆದಿರಬಹುದು. ಆಗ ವ್ಯಾಯಾಮ ಶುರುಮಾಡಬೇಡಿ. ಮೂಳೆ ವೈದ್ಯರಲ್ಲಿ ನಿಂತುಕೊಂಡೇ ಎಕ್ಸ್‌ರೇ ತೆಗೆಸಿ.

ಎಳೆತ ಹಿಂದುಗಡೆ ಇದ್ದರೆ ಹೀಗೆ ಮಾಡಿ. ಹಂಡೆಯ ಬಿಸಿನೀರಿನಲ್ಲಿ ಹತ್ತು ನಿಮಿಷ ಪಾದ ಇಟ್ಟು, ಒರೆಸಿಕೊಂಡು, ಗೋಡೆಗೆ ಕೈಕೊಟ್ಟು ಬಲಗಾಲನ್ನು ಹಿಂದಿಡಿ. ಹಿಮ್ಮಡಿ ನೆಲಕ್ಕೂರಿ ಮುಂದಕ್ಕೆ ವಾಲಿ, ಮಂಡಿ ನೇರವಾಗಿಟ್ಟು 30 ಸೆಕೆಂಡು, ಆಮೇಲೆ ಅದೇ ಮಂಡಿಯನ್ನು ಸ್ವಲ್ಪ ಮಡಿಸಿ 30 ಸೆಕೆಂಡು. ಎರಡೂ ಬೇಕು, ಯಾಕೆಂದರೆ ಮೀನಖಂಡದಲ್ಲಿ ಎರಡು ಸ್ನಾಯುಗಳಿವೆ. ಒಂದು ಮಂಡಿಯನ್ನು ದಾಟಿ ಹೋಗುತ್ತದೆ, ಇನ್ನೊಂದು ದಾಟುವುದಿಲ್ಲ. ಮಂಡಿ ನೇರವಿದ್ದಾಗ ಮೊದಲನೆಯದಕ್ಕೂ ಮಡಿಸಿದಾಗ ಎರಡನೆಯದಕ್ಕೂ ಎಳೆತ ಹೆಚ್ಚು. ಮೂರ್ನಾಲ್ಕು ಸಲ, ಬೆಳಿಗ್ಗೆ ಸಂಜೆ. ಪಾದದ ಬೆರಳು ನೇರ ಮುಂದಕ್ಕೇ ಇರಲಿ. ಪಾದವನ್ನು ಹೊರಕ್ಕೆ ತಿರುಗಿಸಿ ನಡೆದು ರೂಢಿಯಾದವರ ಹವಾಯಿ ಚಪ್ಪಲಿ ಒಳಬದಿಯಲ್ಲಿ ಹೆಚ್ಚು ಸವೆದಿರಬಹುದು. ನಿಮ್ಮದನ್ನೂ ತಿರುವಿ ನೋಡಿ.

ಸಿಕ್ಕಿದ ಬಾಗನ್ನು ಉಳಿಸಿಕೊಳ್ಳಲು ಬಲವೂ ಬೇಕು. ಕಿಟಕಿಯ ಸರಳು ಹಿಡಿದು ಎರಡೂ ಹಿಮ್ಮಡಿ ಎತ್ತಿ, ತುಂಬ ನಿಧಾನವಾಗಿ ಇಳಿಸಿ. ಮಾರನೇ ದಿನ ಬೆಳಿಗ್ಗೆ ಊತ ಬಂದಿದ್ದರೆ ವ್ಯಾಯಾಮವನ್ನು ಸ್ವಲ್ಪ ಕಡಿಮೆ ಮಾಡಿ. ಗೋಡೆಯ ಅಳತೆ ಬದಲಾಗಲು ಸಾಮಾನ್ಯವಾಗಿ ವಾರಗಳೇ ಹಿಡಿಯುತ್ತವೆ. ಎರಡು ತಿಂಗಳಾದರೂ ಕದಲದಿದ್ದರೆ ಹತ್ತಿರದ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಎಡಗಾಲಿನಷ್ಟು ಪೂರ್ತಿ ಬಾರದೇ ಹೋಗಬಹುದು, ಆದರೆ ಸ್ವಲ್ಪ ಹೆಚ್ಚಿದರೂ ಇಳಿಜಾರಿನಲ್ಲಿ ಗೊತ್ತಾಗುತ್ತದೆ.

ಎಳೆದು ಬಿಡಿಸುವುದು ಖಂಡಿತ ಬೇಡ. ಹದವಾಗಿ ಎಣ್ಣೆ ನೀವಿಸಿಕೊಂಡರೆ ತೊಂದರೆಯಿಲ್ಲ, ಹಾಯೆನಿಸುತ್ತದೆ. ಬಲವಂತವಾಗಿ ಜಗ್ಗಿದರೆ ಒಳಗೆ ಹರಿದು, ಊದಿ, ಗಾಯ ಮಾಯುವಾಗ ಇನ್ನೂ ಬಿಗಿಯಾಗುತ್ತದೆ.

ಏಣಿಯ ವಿಷಯ. ಹಿಡಿತವಿಲ್ಲದೆ ಬಲಗಾಲೊಂದರಲ್ಲೇ ಅರ್ಧ ನಿಮಿಷ ಅಲುಗದೆ ನಿಲ್ಲುವಂತಾಗಬೇಕು, ಮನೆಯ ಮೆಟ್ಟಿಲನ್ನು ಪಾದ ತಿರುಗಿಸದೆ ಇಳಿಯುವಂತಾಗಬೇಕು. ಅಲ್ಲಿಯವರೆಗೆ ಮರದ ಮೇಲಿನ ಕೊಯ್ಲನ್ನು ಕೆಲಸದವರಿಗೆ ಬಿಟ್ಟು, ನೀವು ಕಣದಲ್ಲಿ ಮೆಣಸು ಒಣಗಿಸುವುದನ್ನು ನೋಡಿಕೊಳ್ಳಿ.