ಹಳೆಯ ಕಮೊಡೋರ್ 64 ಕಂಪ್ಯೂಟರಿನ ಕಮೊಡೋರ್ 1541 ಫ್ಲಾಪಿ ಡ್ರೈವ್ ಯಾವ ಡಿಸ್ಕನ್ನೂ ಓದುತ್ತಿಲ್ಲ, ಕೆಂಪು ದೀಪ ಮಿನುಗುತ್ತದೆ. ಹೆಡ್ ಅಲೈನ್‌ಮೆಂಟ್ ಮಾಡಲಾ?

ಬೇಡ, ಈಗಲೇ ಬೇಡ. ಅಲೈನ್‌ಮೆಂಟ್ (ಡಿಸ್ಕ್ ಓದುವ ಹೆಡ್ಡನ್ನು ಡಿಸ್ಕಿನ ಟ್ರ್ಯಾಕ್, ಅಂದರೆ ಡೇಟಾ ಇರುವ ಸುತ್ತುಗಳಿಗೆ ಸರಿಯಾಗಿ ಕೂರಿಸುವುದು) ಕೊನೆಗೆ ಮುಟ್ಟುವ ವಿಷಯ. ಅದು ಸರಿಯಾಗಿದ್ದು ನೀವು ಸ್ಕ್ರೂ ಸಡಿಲಿಸಿಬಿಟ್ಟರೆ, ಇರುವ ತೊಂದರೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ಮೊದಲು ಸ್ವಿಚ್ ಹಾಕಿದಾಗ ಏನಾಗುತ್ತದೆ ನೋಡಿ. ಮೋಟರ್ ಸ್ವಲ್ಪ ತಿರುಗಿ, ಕೆಂಪು ದೀಪ ಆರಿ, ಡ್ರೈವ್ ಸುಮ್ಮನಾಗಬೇಕು. ಮೋಟರ್ ನಿಲ್ಲದೇ ತಿರುಗುತ್ತಿದ್ದರೆ ಡ್ರೈವ್ ಒಳಗಿನ 6502 ಪ್ರೊಸೆಸರ್ ಕೆಲಸವನ್ನೇ ಶುರು ಮಾಡಿಲ್ಲ ಅಂತ ಅರ್ಥ, ಆಗ 5 ವೋಲ್ಟ್ ಬರುತ್ತಿದೆಯಾ ಅಂತ ನೋಡಬೇಕು, ಆಮೇಲೆ ಡ್ರೈವ್ ನಡೆಸುವ ಪ್ರೋಗ್ರಾಂ ಇರುವ ರೋಮ್ ಚಿಪ್. ಡಿಸ್ಕ್ ಓದಲು ಹೋದಾಗ ಮಾತ್ರ ದೀಪ ಮಿನುಗಿದರೆ ಪ್ರೊಸೆಸರ್ ಸರಿಯಾಗಿದೆ, ಏನಾಯಿತು ಅಂತ ಅದೇ ಹೇಳುತ್ತದೆ.

ಅದಕ್ಕೆ ಡ್ರೈವ್ ತನ್ನ ದೋಷ ಸಂಖ್ಯೆ ಕಳಿಸುವ 15ನೇ ಚಾನೆಲ್ ಓದುವ ಪುಟ್ಟ ಬೇಸಿಕ್ ಪ್ರೋಗ್ರಾಂ ಕಂಪ್ಯೂಟರಿನಲ್ಲಿ ಬರೆಯಿರಿ. ಸಾಲಿನ ಸಂಖ್ಯೆ ಹಾಕಿಯೇ ಬರೆಯಬೇಕು, ಇಲ್ಲದಿದ್ದರೆ ನಡೆಯುವುದಿಲ್ಲ. 62 ಬಂದರೆ ಆ ಹೆಸರಿನ ಫೈಲ್ ಇಲ್ಲ, ಅಷ್ಟೇ, ಡ್ರೈವ್ ಓದುತ್ತಿದೆ. 23 ಬಂದರೆ ಡಿಸ್ಕ್ ಓದಿದೆ, ಆದರೆ ಡೇಟಾದ ಲೆಕ್ಕ ತಾಳೆಯಾಗಿಲ್ಲ. ನಿಮಗೆ ಬಹುಶಃ 21 ಬರುತ್ತದೆ: ಡೇಟಾ ಎಲ್ಲಿ ಶುರುವಾಗುತ್ತದೆ ಅಂತ ತೋರಿಸುವ, ಡಿಸ್ಕಿನ ಮೇಲಿನ ಸಿಂಕ್ ಗುರುತೇ ಹೆಡ್‌ಗೆ ಸಿಕ್ಕಿಲ್ಲ.

21 ಬಂದರೆ ಕ್ಲೀನಿಂಗ್‌ನಿಂದ ಶುರು ಮಾಡಿ. ಪವರ್ ಕೇಬಲ್ ಕಿತ್ತು ಮುಚ್ಚಳ ತೆಗೆಯಿರಿ, ಏಕೆಂದರೆ 1541ರ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೊಳಗೇ ಇದೆ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಹೆಡ್ ಮೇಲೆ ಮೆಲ್ಲಗೆ ಆಡಿಸಿ, ಒತ್ತಬೇಡಿ. ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಹಳೆಯ ಡಿಸ್ಕ್‌ಗಳಿಂದ ಉದುರಿದ ಲೇಪನ, ಹತ್ತಿ ಬೆಳ್ಳಗೆ ಬರುವವರೆಗೂ ಕಡ್ಡಿ ಬದಲಿಸುತ್ತಾ ಒರೆಸಿ. ಮೇಲಿನ ತೋಳಿನಲ್ಲಿರುವ ಪುಟ್ಟ ಫೆಲ್ಟ್ ಪ್ಯಾಡ್ ಕೂಡ ನೋಡಿ. ಅದು ಉದುರಿಹೋಗಿದ್ದರೆ ಡಿಸ್ಕ್ ಹೆಡ್‌ಗೆ ಸರಿಯಾಗಿ ಒತ್ತುವುದಿಲ್ಲ. ಇದೆಲ್ಲ ಮುಗಿಯುವವರೆಗೂ ನಿಮಗೆ ಬೇಕಾದ ಡಿಸ್ಕ್ ಒಂದನ್ನೂ ಒಳಗೆ ಹಾಕಬೇಡಿ, ಕೊಳೆ ಹೆಡ್ ಅದನ್ನು ಗೀರಿಬಿಡುತ್ತದೆ.

ಈಗ ಮುಖ್ಯವಾದ ಪರೀಕ್ಷೆ. ಬೇಡವಾದ ಡಿಸ್ಕ್ ಒಂದನ್ನು ಇದೇ ಡ್ರೈವ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಶುರುವಿನಲ್ಲಿ ಕಟಕಟ ಸದ್ದು ಬಂದರೆ ಹೆದರಬೇಡಿ. 1541ಕ್ಕೆ ಮೊದಲ ಟ್ರ್ಯಾಕ್ ಎಲ್ಲಿದೆ ಅಂತ ತಿಳಿಸುವ ಸೆನ್ಸರ್ ಇಲ್ಲ, ಹಾಗಾಗಿ ಹೆಡ್ ಹಿಂದಕ್ಕೆ ಹೋಗಿ ತಡೆಗೆ ಬಡಿದು ಜಾಗ ತಿಳಿದುಕೊಳ್ಳುತ್ತದೆ (ವರ್ಷಗಟ್ಟಲೆ ಹೀಗೆ ಬಡಿದೇ ಅಲೈನ್‌ಮೆಂಟ್ ಹಾಳಾಗುವುದು ಜಾಸ್ತಿ). ತಾನೇ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಸಲೀಸಾಗಿ ಓದಿ, ಬೇರೆ ಡ್ರೈವ್‌ನಲ್ಲಿ ಬರೆದದ್ದನ್ನು ಮಾತ್ರ ಓದದಿದ್ದರೆ, ಆಗ ನಿಮ್ಮ ಅನುಮಾನ ಸರಿ ಇರಬಹುದು. ಆಗಲೂ ಮೊದಲು ವೇಗ ನೋಡಿ, ನಿಮಿಷಕ್ಕೆ 300 ಸುತ್ತು ಇರಬೇಕು. ಬೆಲ್ಟ್ ಸಡಿಲವಾದರೂ ಇದೇ ತೊಂದರೆ ಬರುತ್ತದೆ.

ಫಾರ್ಮ್ಯಾಟ್ ಕೂಡ ಆಗದಿದ್ದರೆ ಅಲೈನ್‌ಮೆಂಟ್ ಬಿಟ್ಟುಬಿಡಿ. ಡ್ರೈವ್ ಮುಂಭಾಗದ ಬಾಗಿಲಿಗೆ ತಿರುಗಿಸುವ ಹಿಡಿ ಇದ್ದರೆ ಅದು ನ್ಯೂಟ್ರಾನಿಕ್ಸ್ ಯಂತ್ರಭಾಗ, ಅದರ ಹೆಡ್ ಕಾಯಿಲ್ ಒಳಗೇ ತುಂಡಾಗುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಮಲ್ಟಿಮೀಟರ್‌ನಲ್ಲಿ ಓಪನ್ (ಅಂದರೆ ತಂತಿ ತುಂಡಾಗಿದೆ) ಅಂತ ತೋರಿಸಿದರೆ ಹೆಡ್ ಬದಲಿಸುವುದೊಂದೇ ದಾರಿ.

ಹಾಂ, ಪವರ್ ಆನ್ ಇದ್ದಾಗ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಸೀರಿಯಲ್ ಕೇಬಲ್ ಕೀಳುವುದು, ಹಾಕುವುದು ಮಾಡಬೇಡಿ, ಚಿಪ್ ಸುಟ್ಟುಹೋಗಬಹುದು. ಯಾವ ಸಂಖ್ಯೆ ಬಂತು, ಫಾರ್ಮ್ಯಾಟ್ ಆಯ್ತಾ, ಎರಡನ್ನೂ ಬರೆಯಿರಿ, ಮುಂದಿನದು ಹೇಳುತ್ತೇನೆ.